ಕಣ್ಣಿನ ಫೋಟೊ ತೆಗೆದ ಮೇಲೆ ಶುರುವಾಗುವ ಕೆಲಸ

ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು. ಕೆಲವು ವರ್ಷಗಳಿಂದ ನಮ್ಮ ವಿಭಾಗ, ನಮ್ಮದೇ ವಿಶ್ವವಿದ್ಯಾಲಯದ ಎಂಬಿಎ ವಿಭಾಗ ಮತ್ತು ಜಿಲ್ಲೆಯ ಒಂದು ಕಣ್ಣಾಸ್ಪತ್ರೆ ಸೇರಿ ಒಂದು ಕೆಲಸ ಮಾಡುತ್ತಿದ್ದೇವೆ. ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಫೋಟೊ ತೆಗೆಯುತ್ತೇವೆ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಹಾಳಾಗುತ್ತಿದೆಯಾ ಅಂತ ಸಾಫ್ಟ್‌ವೇರ್ ನೋಡುತ್ತದೆ. ಚಿಕಿತ್ಸೆ ಬೇಕಾದವರನ್ನು ಆಸ್ಪತ್ರೆಗೆ ಕಳಿಸುತ್ತೇವೆ. ಬೇರೆ ಕಾಲೇಜಿನ ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದರ ಬಗ್ಗೆ ಕೇಳಿದಾಗ ಮೊದಲ ಪ್ರಶ್ನೆ ಒಂದೇ ಇರುತ್ತದೆ: ಯಾವ ಮಾಡೆಲ್, ಎಷ್ಟು ಆಕ್ಯುರೆಸಿ? ಅಂದರೆ, ಫೋಟೊ ನೋಡಿ ಕಾಯಿಲೆ ಹೇಳುವ ಪ್ರೋಗ್ರಾಂ ಯಾವುದು, ಅದು ಎಷ್ಟು ಸಲ ಸರಿಯಾಗಿ ಹೇಳುತ್ತದೆ ಅಂತ. ನಾವು ಗೋಡೆಯ ಮೇಲೆ ಬರೆದಿಟ್ಟುಕೊಂಡಿರುವ ಪ್ರಶ್ನೆ ಬೇರೆ. ನಾವು 'ಆಸ್ಪತ್ರೆಗೆ ಹೋಗಿ' ಎಂದವರಲ್ಲಿ ಎಷ್ಟು ಜನ ನಿಜವಾಗಲೂ ಹೋದರು?

ಯಾಕೆ ಈ ಪ್ರಶ್ನೆ ಅನ್ನುವುದಕ್ಕೆ ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು ಬಂದ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ, ವಯಸ್ಸು 40 ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಸುಮಾರು 12.5% ಜನರ ರೆಟಿನಾಕ್ಕೆ ತೊಂದರೆ ಶುರುವಾಗಿದೆ. ದೃಷ್ಟಿಯೇ ಹೋಗುವ ಹಂತದಲ್ಲಿರುವವರು ಸುಮಾರು 4%. ರೆಟಿನಾದ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಉಬ್ಬುತ್ತವೆ, ಸೋರುತ್ತವೆ, ಕೊಬ್ಬಿನ ಅಂಶ ಹಳದಿ ಚುಕ್ಕೆಗಳಾಗಿ ಕೂರುತ್ತದೆ. ಆಮೇಲೆ ಬೆಳೆಯುವ ಹೊಸ ನಾಳಗಳು ಬಹಳ ನಾಜೂಕು. ಅವು ಒಡೆದರೆ ಕಣ್ಣೊಳಗೆ ರಕ್ತ ತುಂಬಿಕೊಳ್ಳುತ್ತದೆ. ಎಷ್ಟೋ ಜನರಿಗೆ ಅಲ್ಲಿಯತನಕ ಏನೂ ಗೊತ್ತಾಗುವುದಿಲ್ಲ. ಲೇಸರ್ ಅಥವಾ ಇಂಜೆಕ್ಷನ್‌ನಿಂದ ಕಾಯಿಲೆಯನ್ನು ತಡೆಯಬಹುದು, ಆದರೆ ಹೋದ ದೃಷ್ಟಿ ಬಹುಪಾಲು ವಾಪಸ್ ಬರುವುದಿಲ್ಲ. ಅಂದರೆ, ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ಆಸ್ಪತ್ರೆಗೆ ಹೋಗಬೇಕು. ಹಾಗೆ ಹೋಗುವವರು ಎಷ್ಟು ಜನ ಇರ್ತಾರೆ?

ಸಾಫ್ಟ್‌ವೇರ್ ಭಾಗದಲ್ಲಿ ನಮಗಿಂತ ಮೊದಲೇ ದೊಡ್ಡ ಕೆಲಸಗಳು ಆಗಿದ್ದವು. ಮದುರೆಯ ಅರವಿಂದ ಕಣ್ಣಾಸ್ಪತ್ರೆ ಮತ್ತು ಚೆನ್ನೈನ ಶಂಕರ ನೇತ್ರಾಲಯದ ಜೊತೆ ಸೇರಿ, ಫೋಟೊದಲ್ಲಿ ಈ ಕಾಯಿಲೆ ಗುರುತಿಸುವ ಸಾಫ್ಟ್‌ವೇರ್‌ನ ಫಲಿತಾಂಶವನ್ನು ಗೂಗಲ್ 2016ರಲ್ಲಿ ಪ್ರಕಟಿಸಿತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮೈಕೆಲ್ ಅಬ್ರಮಾಫ್ ಅವರ ಸಂಶೋಧನೆಯಿಂದ ಹುಟ್ಟಿದ ಇಂಥದೇ ಯಂತ್ರಕ್ಕೆ 2018ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ನಮ್ಮ ರಾಜ್ಯದಲ್ಲೇ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾ ಉಳಿಸಲು ನಾರಾಯಣ ನೇತ್ರಾಲಯದ 'ಕಿಡ್ರಾಪ್' 2008ರಿಂದ ನಡೆಯುತ್ತಿದೆ. ಕ್ಯಾಮೆರಾ ಹಿಡಿದು ಊರೂರಿಗೆ ಹೋಗುವುದು ತರಬೇತಿ ಪಡೆದ ಟೆಕ್ನೀಷಿಯನ್, ದೂರದಿಂದ ಫೋಟೊ ನೋಡುವುದು ಡಾಕ್ಟರು. ನಮ್ಮ ಕೆಲಸದ ಅಚ್ಚು ಅಲ್ಲಿಂದಲೇ ಬಂದದ್ದು. ಸಾಫ್ಟ್‌ವೇರ್‌ಗೆ ಕಲಿಸಲು ಬೇಕಾದ ಫೋಟೊಗಳ ಸಂಗ್ರಹಗಳು, ಅಂದರೆ ಎಲ್ಲರಿಗೂ ಸಿಗುವ ಡೇಟಾಸೆಟ್‌ಗಳೂ ಇವೆ. ನಾಂದೇಡ್‌ನ ಕಣ್ಣಾಸ್ಪತ್ರೆಯ 516 ಫೋಟೊಗಳ ಐಡಿಆರ್‌ಐಡಿ ಇದೆ. ಇಂಥ ಸಾಫ್ಟ್‌ವೇರ್ ಕಟ್ಟುವ 2019ರ ಸ್ಪರ್ಧೆಯೊಂದಕ್ಕೆ ಅರವಿಂದ ಕೊಟ್ಟ ಸಾವಿರಾರು ಫೋಟೊಗಳಿವೆ. ಇವನ್ನಿಟ್ಟುಕೊಂಡು ಕೊನೆಯ ವರ್ಷದ ಚುರುಕಾದ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲೇ ಪರವಾಗಿಲ್ಲ ಎನ್ನುವಂಥ ಮಾಡೆಲ್ ಕಟ್ಟಬಲ್ಲ. ಹಾಗಾಗಿ ನಮ್ಮ ಶ್ರಮ ಅಲ್ಲಿ ಜಾಸ್ತಿ ಬೇಕಿರಲಿಲ್ಲ.

ಶ್ರಮ ಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಸಣ್ಣ ಕೋಣೆಯಲ್ಲಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲೆ ಮಾಡಬೇಕು, ಕತ್ತಲಲ್ಲೇ ಪಾಪೆ ಹಿಗ್ಗುವುದು. ಪಾಪೆ ಹಿಗ್ಗಿಸುವ ಹನಿ ಹಾಕದೆ ಫೋಟೊ ತೆಗೆಯುವ ಕ್ಯಾಮೆರಾ ನಮ್ಮದು. ಬಂದವರನ್ನು ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂರಿಸಬೇಕು. ಗದ್ದ ಇಟ್ಟು ಹಸಿರು ದೀಪ ನೋಡಿ ಎಂದರೆ ತಾತ ಕಣ್ಣು ಮಿಟುಕಿಸುತ್ತಾರೆ. "ತಾತ, ಒಂದೇ ಒಂದ್ ಕ್ಷಣ, ರೆಪ್ಪೆ ಬಡೀಬೇಡಿ" ಎನ್ನುತ್ತಾಳೆ ನಮ್ಮ ಟೆಕ್ನೀಷಿಯನ್ ಹುಡುಗಿ, ಒಂದು ಬೆರಳಲ್ಲಿ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿದು. ಫ್ಲ್ಯಾಶ್ ಬಿದ್ದ ತಕ್ಷಣ ಎರಡೂ ಪಾಪೆಗಳು ಕುಗ್ಗಿಬಿಡುತ್ತವೆ. ಇನ್ನೊಂದು ಕಣ್ಣಿಗೆ ಮತ್ತೆ ಕೆಲವು ನಿಮಿಷ ಕಾಯಲೇಬೇಕು. ಹೊರಗೆ ಸಾಲು ಉದ್ದವಿದ್ದರೆ ಈ ಕಾಯುವಿಕೆಯನ್ನೇ ಬಿಟ್ಟುಬಿಡುವ ಆಸೆ ಹುಟ್ಟುತ್ತದೆ. ಆಗ ಎರಡನೇ ಕಣ್ಣಿನ ಫೋಟೊದ ಅಂಚೆಲ್ಲ ಕಪ್ಪು. ಅದಕ್ಕೆ ನಾವು ಮಾಡಿದ್ದು ಇಷ್ಟೆ. ಎಲ್ಲರ ಬಲಗಣ್ಣಿನ ಫೋಟೊ ತೆಗೆದು ಹೊರಗೆ ಶುಗರ್ ಪರೀಕ್ಷೆ, ಬಿಪಿಗೆ ಕಳಿಸುತ್ತೇವೆ. ಅದು ಮುಗಿಸಿ ಬಂದು ಕತ್ತಲಲ್ಲಿ ಕೂತವರ ಎಡಗಣ್ಣು ಆಮೇಲೆ. ಕಾಯುವ ಹೊತ್ತು ಹಾಳಾಗುವುದಿಲ್ಲ.

ಲೆನ್ಸ್ ಮೇಲಿನ ಧೂಳಿನ ವಿಷಯವನ್ನೂ ಹೇಳಲೇಬೇಕು. ಒಂದು ಕಣ ಧೂಳು ಕೂತರೆ ಫೋಟೊದಲ್ಲಿ ಅದು ಕಾಯಿಲೆಯ ಚುಕ್ಕೆಯಂತೆಯೇ ಕಾಣಬಹುದು. ಆದರೆ ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ಜಾಗದಲ್ಲಿರುತ್ತದೆ, ಧೂಳು ಎಲ್ಲರ ಫೋಟೊದಲ್ಲೂ ಅದೇ ಜಾಗದಲ್ಲಿ. ಅಂದಿನ ಫೋಟೊಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಸಣ್ಣ ಕೋಡ್ ಬರೆದೆವು. ಒಂದೇ ಜಾಗದ ಚುಕ್ಕೆ ಸಿಕ್ಕರೆ 'ಲೆನ್ಸ್ ಒರೆಸಿ' ಎಂದು ಪರದೆಯ ಮೇಲೆ ಬರುತ್ತದೆ. ಇದರಲ್ಲಿ ಪೇಪರ್ ಬರೆಯುವಂಥದ್ದೇನೂ ಇಲ್ಲ. ಆದರೆ ಕ್ಯಾಂಪಿನಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಕೋಡನ್ನು ನಮ್ಮ ವಿಭಾಗ ಬರೆದಿಲ್ಲ.

ಇನ್ನು ಲೆಕ್ಕ. ಸಕ್ಕರೆ ಕಾಯಿಲೆಯ 1000 ಜನ ಬಂದರು ಅಂದುಕೊಳ್ಳಿ. ಅವರಲ್ಲಿ 40 ಜನರಿಗೆ ದೃಷ್ಟಿ ಹೋಗುವಂಥ ಸ್ಥಿತಿ ಇದೆ. ಸಾಫ್ಟ್‌ವೇರ್ ಕಾಯಿಲೆ ಇದ್ದವರಲ್ಲಿ 90% ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 90% ಜನರಿಗೆ ಸರಿಯಾಗಿಯೇ 'ಇಲ್ಲ' ಎನ್ನುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಈಗ ಎಣಿಸಿ. 40ರಲ್ಲಿ 36 ಜನ ಸಿಕ್ಕರು, 4 ಜನ ತಪ್ಪಿದರು. ಉಳಿದ 960ರಲ್ಲಿ 96 ಜನರನ್ನು ಅಗತ್ಯವಿಲ್ಲದೆ ಕಳಿಸಿದೆವು. ಒಟ್ಟು 132 ಜನ ಆಸ್ಪತ್ರೆಯ ದಾರಿ ಹಿಡಿದರೆ, ಅದರಲ್ಲಿ ಚಿಕಿತ್ಸೆ ಬೇಕಾದವರು 36. ಮಿಕ್ಕವರು ಊರಿಗೆ ವಾಪಸ್ ಹೋಗಿ ಏನು ಹೇಳುತ್ತಾರೆ? "ಏನೂ ಇಲ್ವಂತೆ, ಸುಮ್ನೆ ಹೋಗಿ ಬಂದೆ." ಆ ಮಾತು ಮುಂದಿನ ಸಲ ನಿಜವಾಗಿ ಹೋಗಬೇಕಾದವರನ್ನೂ ತಡೆಯುತ್ತದೆ. ಇಲ್ಲೇ ಎಂಬಿಎ ವಿಭಾಗದ ನನ್ನ ಸಹೋದ್ಯೋಗಿ ಬೇಕಾದದ್ದು. ಅನಗತ್ಯವಾಗಿ ಹೋದ ಒಬ್ಬರಿಗೆ ಎಷ್ಟು ನಷ್ಟ ಎಂಬ ಲೆಕ್ಕ ಇಲ್ಲದೆ ಸಾಫ್ಟ್‌ವೇರ್‌ಗೆ ಎಷ್ಟು ಅನುಮಾನ ಬಂದರೆ 'ಆಸ್ಪತ್ರೆಗೆ ಹೋಗಿ' ಎನ್ನಬೇಕು, ಆ ಗೆರೆ ಎಲ್ಲಿ ಎಳೆಯಬೇಕೆಂದು ನಾನು ಒಬ್ಬಳೇ ಕೂತು ತೀರ್ಮಾನಿಸುವ ಹಾಗಿಲ್ಲ. ನಮ್ಮಲ್ಲಿ ಪ್ರತಿ ಫೋಟೊವನ್ನೂ ಅಂದೇ ಸಂಜೆ ಆಸ್ಪತ್ರೆಯ ಡಾಕ್ಟರು ನೋಡುತ್ತಾರೆ, ಜನರ ಮೇಲೆ ನಡೆಯುವ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಒಪ್ಪಿರುವ ಕ್ರಮವೇ ಅದು. ತಪ್ಪಿದವರು ಸಂಜೆ ಸಿಗುತ್ತಾರೆ, ಆಶಾ ಕಾರ್ಯಕರ್ತೆ ಫೋನ್ ಮಾಡಿ ಕರೆಯುತ್ತಾರೆ. ಹೀಗಾಗಿ ಗೆರೆಯನ್ನು ಸ್ವಲ್ಪ ಬಿಗಿ ಮಾಡಿ, ಅನಗತ್ಯ ಓಡಾಟ ಕಡಿಮೆ ಮಾಡಲು ನಮಗೆ ಧೈರ್ಯ ಬಂತು. ಡಾಕ್ಟರು ನೋಡದ ಕಡೆ ಇದೇ ಗೆರೆ ಇಟ್ಟರೆ ಅಪಾಯ.

ನನ್ನ ಸಹೋದ್ಯೋಗಿಯ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ, ಹೇಳಿದರೂ ಆಸ್ಪತ್ರೆಗೆ ಹೋಗದವರನ್ನು ಮಾತಾಡಿಸಿದರು. "ನಂಗೆ ಕಣ್ಣು ಚೆನ್ನಾಗೇ ಕಾಣ್ತೈತೆ, ಅಲ್ಲೀಗಂಟ ಯಾಕೆ ಹೋಗ್ಲಿ?" ಎಂಬ ಉತ್ತರ ನಾವು ಎಣಿಸಿದ್ದೇ. ಎಣಿಸದೇ ಇದ್ದದ್ದು ಜೊತೆಗೆ ಬರುವವರ ವಿಷಯ. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕುತ್ತಾರೆ, ಗಂಟೆಗಟ್ಟಲೆ ಮಬ್ಬು. ಒಬ್ಬರೇ ಬಸ್ ಹತ್ತಿ ವಾಪಸ್ ಬರುವುದು ಕಷ್ಟ. ಮಗನೋ ಸೊಸೆಯೋ ಜೊತೆಗೆ ಬರಬೇಕು, ಅಂದರೆ ಅವರ ಅಂದಿನ ಕೂಲಿ ಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ, ಹಾಗಾಗಿ ಬಸ್ಸಿನ ದುಡ್ಡು ಹಲವರಿಗೆ ಅಡ್ಡಿಯಾಗಿರಲಿಲ್ಲ. ಅಡ್ಡಿ ಎರಡನೆಯ ಕೂಲಿ. ಮಗನನ್ನು ಕೇಳಲು ಅಮ್ಮನಿಗೆ ಸಂಕೋಚ, ಅದೂ ಕಣ್ಣು ಚೆನ್ನಾಗಿ ಕಾಣುತ್ತಿರುವಾಗ.

ಇದು ಗೊತ್ತಾದ ಮೇಲೆ ಸಾಫ್ಟ್‌ವೇರ್ ಬದಲಾಯಿತು. ಹೋಗಬೇಕಾದವರನ್ನು ಊರುವಾರು ಗುಂಪು ಮಾಡುತ್ತದೆ. ಒಂದೇ ಊರಿನ ಮೂರು ನಾಲ್ಕು ಜನರಿಗೆ ಒಂದೇ ದಿನ, ಜೊತೆಗೆ ಒಬ್ಬರು. ಆ ದಿನ ರೆಟಿನಾ ಡಾಕ್ಟರು ಇರಲೇಬೇಕು, ಇಲ್ಲದಿದ್ದರೆ ಗುಂಪೇ ಕೈತಪ್ಪುತ್ತದೆ. ಚೀಟಿಯೂ ಬದಲಾಯಿತು. ಮೊದಲು ಅದರಲ್ಲಿ ಕಾಯಿಲೆಯ ಹಂತ ಮತ್ತು ಮಾಡೆಲ್ ಕೊಟ್ಟ ಅಂಕಿ ಇರುತ್ತಿತ್ತು. ಈಗ ಇರುವುದು: "ಗುರುವಾರ ಬನ್ನಿ. ಬೆಳಗಿನ ಬಸ್ ಸಾಕು. ಕಣ್ಣಿಗೆ ಹನಿ ಹಾಕುತ್ತಾರೆ, ಸಂಜೆವರೆಗೂ ಮಬ್ಬಾಗಿರಬಹುದು. ತಿಂಡಿ ತಿಂದು, ಮಾತ್ರೆ ತಗೊಂಡೇ ಬನ್ನಿ." ಕೊನೆಯ ಸಾಲು ಆಸ್ಪತ್ರೆಯ ನರ್ಸ್ ಹಾಕಿಸಿದ್ದು. ರಕ್ತ ಪರೀಕ್ಷೆಗೆ ಹೋಗುವ ಅಭ್ಯಾಸದಲ್ಲಿ ಜನ ಹಸಿದ ಹೊಟ್ಟೆಯಲ್ಲೇ ಬರುತ್ತಾರೆ, ಸಾಲಿನಲ್ಲಿ ಕೂತು ಸಕ್ಕರೆ ಇಳಿದು ಬೆವರುತ್ತಾರೆ. ಇದರ ಜೊತೆ, ಫೋಟೊವನ್ನು ಅವರಿಗೇ ತೋರಿಸುತ್ತೇವೆ. ಇದು ನಿಮ್ಮ ಕಣ್ಣು, ಈ ಕೆಂಪು ರಕ್ತ ಸೋರಿದ್ದು ಅಂತ ಬೆರಳಿಟ್ಟು ತೋರಿಸಿದಾಗ ಕೇಳುವ ಪ್ರಶ್ನೆಗಳೇ ಬೇರೆ ಆಗುತ್ತವೆ. ಯಾವತ್ತು ಹೋಗ್ಬೇಕು, ಎಷ್ಟು ಸಲ ಹೋಗ್ಬೇಕು, ನೋಯ್ತದಾ?

ಖರ್ಚಿನ ವಿಷಯದಲ್ಲಿ ನಾನು ಕಲಿತದ್ದು ಅತ್ಯಂತ ದೊಡ್ಡದು. ಅನುದಾನದಲ್ಲಿ ಕ್ಯಾಮೆರಾ ಕೊಳ್ಳುವುದು ಸುಲಭ. ಟೆಕ್ನೀಷಿಯನ್ ಸಂಬಳ, ಡಾಕ್ಟರ ಸಂಜೆಯ ಹೊತ್ತು, ಗಾಡಿಯ ಡೀಸೆಲ್, ಇವು ಅನುದಾನ ಮುಗಿದ ದಿನ ನಿಲ್ಲುತ್ತವೆ. ಎಷ್ಟೋ ಪ್ರಾಜೆಕ್ಟ್‌ಗಳು ಸಾಯುವುದು ಹೀಗೇ. ಆಸ್ಪತ್ರೆ ತನ್ನ ಕೈಯಿಂದ ಹಾಕಿ ನಡೆಸಲು ಅದಕ್ಕೊಂದು ಕಾರಣ ಬೇಕು. ಆ ಕಾರಣ ಸಿಕ್ಕಿದ್ದು, ನಾವು ಕಂಪ್ಯೂಟರಿನವರು ಬದಿಗಿಡುವ ಫೋಟೊಗಳಲ್ಲಿ. ಮಂಜು ಕವಿದಂತೆ ಬರುವ, ಸಾಫ್ಟ್‌ವೇರ್‌ಗೆ ಓದಲಾಗದ ಫೋಟೊಗಳು ಪ್ರತಿ ಕ್ಯಾಂಪಿನಲ್ಲೂ ಇರುತ್ತವೆ. ಗೂಗಲ್ ತನ್ನ ಯಂತ್ರವನ್ನು ಥಾಯ್ಲೆಂಡ್‌ನ ಕ್ಲಿನಿಕ್‌ಗಳಲ್ಲಿ ಇಟ್ಟಾಗಲೂ ಸುಮಾರು ಐದರಲ್ಲಿ ಒಂದು ಫೋಟೊ ಹೀಗೆ ತಿರಸ್ಕಾರವಾಗಿತ್ತು. ನಮ್ಮ ಕಡೆ ಇಂಥ ಮಬ್ಬು ಫೋಟೊಗೆ ಬಹಳ ಸಲ ಕಾರಣ ಕಣ್ಣಿನ ಪೊರೆ. ಅವರಿಗೆ ಆಪರೇಷನ್ ಬೇಕು, ಆದಮೇಲೆ ಕಣ್ಣು ಚೆನ್ನಾಗಿ ಕಾಣುತ್ತದೆ. ಅದಾದ ಮೇಲೆ ರೆಟಿನಾವನ್ನೂ ನೋಡಬಹುದು. ಅದಕ್ಕೇ ನಮ್ಮ ಸಾಫ್ಟ್‌ವೇರ್‌ನಲ್ಲಿ 'ಓದಲಾಗಲಿಲ್ಲ' ಎಂದರೆ 'ಆಸ್ಪತ್ರೆಗೆ ಕಳಿಸಿ' ಎಂದೇ ಅರ್ಥ. ಪೊರೆ ಆಪರೇಷನ್‌ಗೆ ಬರುವವರಲ್ಲಿ ದುಡ್ಡು ಕೊಡಬಲ್ಲವರು ಕೊಡುತ್ತಾರೆ, ಉಳಿದವರಿಗೆ ಸರ್ಕಾರದ ನೆರವು ಇದೆ. ರೆಟಿನಾ ತಪಾಸಣೆಯ ಖರ್ಚನ್ನು ಈ ದಾರಿಯಲ್ಲಿ ಆಸ್ಪತ್ರೆ ಹೊರುತ್ತಿದೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದ ಅರವಿಂದ, ದುಡ್ಡು ಕೊಡುವವರಿಂದ ಕೊಡಲಾಗದವರನ್ನೂ ನೋಡಿಕೊಂಡು ಬೆಳೆದದ್ದನ್ನು ಎಂಬಿಎ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಆ ಪಾಠ ಒಂದು ಸಾಫ್ಟ್‌ವೇರ್‌ನ ನಿಯಮವಾಗಿ ಕೂರುವುದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

ಶುರು ಮಾಡುವವರಿಗೆ ಎರಡು ಮಾತು. ಎಥಿಕ್ಸ್ ಕಮಿಟಿಯ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಿ, ಒಪ್ಪಿಗೆ ಪತ್ರವನ್ನು ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ. ಕಾಯಿಲೆ ಹೇಳುವ ಸಾಫ್ಟ್‌ವೇರ್ ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ವೈದ್ಯಕೀಯ ಉಪಕರಣವೇ. ಸಂಶೋಧನೆಯ ಆಚೆ ಕೊಡುವ ಮುಂಚೆ ಅದರ ನಿಯಮಗಳನ್ನು ಓದಿಕೊಳ್ಳಿ. ಎರಡನೆಯದು, ಮಾಡೆಲ್ ಅನ್ನು ಪರೀಕ್ಷೆ ಮಾಡಲು ಕೆಲವು ಫೋಟೊಗಳನ್ನು ಬೇರೆ ಎತ್ತಿಡುವಾಗ, ಒಬ್ಬರ ಬಲಗಣ್ಣಿನ ಫೋಟೊ ಮಾಡೆಲ್‌ನ ತರಬೇತಿಗೆ, ಎಡಗಣ್ಣಿನದು ಪರೀಕ್ಷೆಗೆ ಹೋಗದಂತೆ ನೋಡಿಕೊಳ್ಳಿ. ಒಬ್ಬರ ಎರಡು ಕಣ್ಣುಗಳಲ್ಲಿ ಬಹಳ ಹೋಲಿಕೆ ಇರುತ್ತದೆ, ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣಿಸುತ್ತದೆ.

ಈಗ ನಮ್ಮ ಮುಂದಿರುವುದು 'ತೊಂದರೆ ಇಲ್ಲ' ಎಂದು ಕಳಿಸಿದವರ ವಿಷಯ. ಅವರು ವರ್ಷಕ್ಕೊಮ್ಮೆ ಮತ್ತೆ ಬರಬೇಕು. ಕೊಟ್ಟ ಫೋನ್ ನಂಬರ್ ಅಷ್ಟರಲ್ಲಿ ಬದಲಾಗಿರುತ್ತದೆ, ಇಲ್ಲವೇ ಅದು ಊರು ಬಿಟ್ಟು ಕೆಲಸಕ್ಕೆ ಹೋದ ಮಗನದಾಗಿರುತ್ತದೆ. ಆದರೆ ಶುಗರ್ ಮಾತ್ರೆಗೆ ಅವರು ಆರೋಗ್ಯ ಕೇಂದ್ರಕ್ಕೆ ಬರುತ್ತಲೇ ಇರುತ್ತಾರೆ. ಮಾತ್ರೆ ಕೊಡುವ ಪುಸ್ತಕದಲ್ಲೇ ಕಣ್ಣಿನ ತಪಾಸಣೆಯ ತಿಂಗಳು ಬರೆದು, ಆ ತಿಂಗಳು ಬಂದಾಗ ಫಾರ್ಮಸಿಯವರೇ ಹೇಳುವ ವ್ಯವಸ್ಥೆಯನ್ನು ಎರಡು ಕೇಂದ್ರಗಳಲ್ಲಿ ಶುರು ಮಾಡಿದ್ದೇವೆ. ಅದರ ಲೆಕ್ಕವನ್ನು ಎಂಬಿಎ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತನ್ನ ಪಿಎಚ್‌ಡಿಗೆ ಇಟ್ಟುಕೊಳ್ಳುತ್ತಿದ್ದಾಳೆ.