ಐವರನ್ನು ಟ್ಯಾಗ್ ಮಾಡಿದೆ, ಒಬ್ಬರೂ ಉತ್ತರಿಸಲಿಲ್ಲ

ಆರೋಗ್ಯದ ಕರಪತ್ರಗಳನ್ನು ಕನ್ನಡಕ್ಕೆ ತರುವ ಚಿಕ್ಕ ತಂಡ ನಮ್ಮದು. ಅನುವಾದ ಮಾಡುವವರು, ತಪ್ಪು ನೋಡುವ ಡಾಕ್ಟರು, ಪುಟ ಕಟ್ಟುವವರು ಎಲ್ಲರೂ ಒಂದೊಂದು ಊರಲ್ಲಿ. ಕೆಲಸ ನಡೆಯುವುದು ಗೂಗಲ್ ಡಾಕ್ಸ್‌ನಲ್ಲಿ, ಮಾತುಕತೆ ಅದರ ಕಾಮೆಂಟುಗಳಲ್ಲಿ.

ಒಮ್ಮೆ ಮಕ್ಕಳ ಭೇದಿಯ ಬಗ್ಗೆ ಕರಪತ್ರ ಮಾಡುತ್ತಿದ್ದೆವು. ಮನೆಯಲ್ಲೇ ಕಲಸಿ ಕುಡಿಸುವ ನೀರಿನ ಅಳತೆ ಅದರಲ್ಲಿತ್ತು. 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕರಡಿನಲ್ಲಿ ಮಾತ್ರ ಬರೀ ‘ಚಮಚ’ ಅಂತಿತ್ತು. ನಮ್ಮ ಮನೆಗಳಲ್ಲಿ ಸಾಂಬಾರು ಬಡಿಸೋದೂ ಚಮಚವೇ ಅಲ್ವಾ? ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಆ ಸಾಲಿನ ಮೇಲೆ ಕಾಮೆಂಟ್ ಹಾಕಿ, ಐದೂ ಜನರ ಹೆಸರು ಟ್ಯಾಗ್ ಮಾಡಿ, ‘ಇದನ್ನು ಎಲ್ಲರೂ ಒಮ್ಮೆ ನೋಡಿ’ ಅಂತ ಬರೆದೆ.

ಐದು ಜನರಿಗೂ ಮೇಲ್ ಹೋಯಿತು. ಎಲ್ಲರೂ ಓದಿದ್ದರು. ಡಾಕ್ಟರು ನೋಡುತ್ತಾರೆ ಅಂತ ಅನುವಾದಕರು ಸುಮ್ಮನಿದ್ದರು. ಇದು ಭಾಷೆಯ ಪ್ರಶ್ನೆ, ಅನುವಾದಕರು ನೋಡಲಿ ಅಂತ ಡಾಕ್ಟರು ಬಿಟ್ಟರು. ಮುದ್ರಣದ ಪ್ರೂಫ್ ಬಂದಾಗ ಸಾಲು ಹಾಗೇ ಇತ್ತು. ಅದನ್ನು ನೋಡಿ ನನ್ನ ಕೈಕಾಲು ತಣ್ಣಗಾದವು. ಅಚ್ಚಿಗೆ ಹೋಗುವ ಮುಂಚೆ ತಿದ್ದಿದೆವು, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮದುವೆ ಮನೆಯಲ್ಲಿ ‘ಯಾರಾದ್ರೂ ನೀರು ತನ್ನಿ’ ಅಂದರೆ ಯಾರೂ ಏಳುವುದಿಲ್ಲ. ಹೆಸರು ಹಿಡಿದು ಕರೆದರೆ ಆ ಹುಡುಗ ಓಡಿ ಬರುತ್ತಾನೆ. ನಾನು ಮಾಡಿದ್ದು ಮೊದಲನೆಯದು.

ಈಗ ಒಂದು ಕಾಮೆಂಟಿಗೆ ಒಂದೇ ಹೆಸರು. @ ಒತ್ತಿ ಹೆಸರು ಆರಿಸಿದರೆ, ಕೆಳಗೆ ಆ ಕೆಲಸವನ್ನು ಅವರಿಗೆ ಒಪ್ಪಿಸುವ ಚೆಕ್‌ಬಾಕ್ಸ್ ಬರುತ್ತದೆ. ಅದನ್ನು ತಪ್ಪದೆ ಟಿಕ್ ಮಾಡುತ್ತೇನೆ. ಒಂದು ಕಾಮೆಂಟನ್ನು ಒಬ್ಬರಿಗಷ್ಟೇ ಒಪ್ಪಿಸಲು ಆಗುತ್ತದೆ, ನನಗೆ ಬೇಕಿದ್ದದ್ದೂ ಅದೇ. ಕೆಲಸ ಮುಗಿದ ಮೇಲೆ ಅವರೇ ಟಿಕ್ ಹಾಕಿ ಮುಚ್ಚುತ್ತಾರೆ. ಉಳಿದವರಿಗೆ ಸುಮ್ನೆ ತಿಳಿದಿರಲಿ ಅನ್ನಿಸಿದರೆ, ಕೆಲಸ ಮುಗಿದ ಮೇಲೆ ತಿಳಿಸುತ್ತೇನೆ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಿದೆ. ‘ನೋಡಿ’ ಅನ್ನುವುದನ್ನು ಬಿಟ್ಟೆ. ಏನು ನೋಡಬೇಕು, ಯಾವತ್ತಿನೊಳಗೆ ಅಂತ ಬರೆಯುತ್ತೇನೆ. ಮೇಲ್ ಓದುವವರು ಬಸ್ಸಿನಲ್ಲಿರಬಹುದು. ಫೈಲ್ ತೆರೆಯದೆಯೇ ಅವರಿಗೆ ವಿಷಯ ಅರ್ಥವಾಗಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕು ಇದೆ. ನನ್ನ ಪಟ್ಟಿಯಲ್ಲಿ ಎಲ್ಲರ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿದೆ. ಕನ್ನಡ ಕೀಬೋರ್ಡಿನಲ್ಲಿ ಹೆಸರು ಹೊಡೆದರೆ ಯಾರೂ ಸಿಗುವುದಿಲ್ಲ. ಮೊದಲು ಇಂಗ್ಲಿಷಿನಲ್ಲಿ ಹೆಸರು ಆರಿಸಿಕೊಂಡು, ಆಮೇಲೆ ಕೀಬೋರ್ಡ್ ಬದಲಿಸಿ ಬರೆಯುತ್ತೇನೆ. ಇನ್ನೊಂದು, ಟ್ಯಾಗ್ ಅಂದರೆ ಬರೀ ಹೆಸರು. ನಮ್ಮ ಡಾಕ್ಟರಿಗೆ ನನ್ನ ತಂದೆಯ ವಯಸ್ಸು. ಅವರನ್ನು ಹಾಗೆ ಹೆಸರಿಟ್ಟು ಕೂಗಿದಂತೆ ಬಿಡಲು ಮನಸ್ಸು ಬರುವುದಿಲ್ಲ. ಟ್ಯಾಗ್ ಆದ ತಕ್ಷಣ ‘ಸರ್, ನಮಸ್ಕಾರ’ ಅಂತ ಸೇರಿಸುತ್ತೇನೆ. ಎರಡೇ ಪದ, ಆದರೆ ಕಾಮೆಂಟಿನ ದನಿ ಬೇರೆಯೇ ಆಗುತ್ತದೆ. ರಾತ್ರಿ ಹೊಳೆದದ್ದನ್ನು ಬರೆದಿಟ್ಟುಕೊಂಡು ಬೆಳಿಗ್ಗೆ ಟ್ಯಾಗ್ ಮಾಡುತ್ತೇನೆ, ಮಲಗಿದವರ ಫೋನು ಸದ್ದು ಮಾಡಬಾರದು.

ಅದೇ ಕರಪತ್ರವನ್ನು ಮತ್ತೆ ಅಚ್ಚು ಹಾಕಿಸುವಾಗ ಅದೇ ಸಾಲಿಗೆ ಹೀಗೆ ಬರೆದೆ: ‘ಸರ್, ನಮಸ್ಕಾರ. ಇಲ್ಲಿ ಅರ್ಧ ಟೀ ಚಮಚ ಉಪ್ಪು, ಮೇಲೆ ಸಮ ಮಾಡಿ ಅಳೆದದ್ದು ಅಂತ ಹಾಕಲೇ? ಗುರುವಾರದೊಳಗೆ ಹೇಳಿದರೆ ಸಾಕು.’ ಅದೇ ಮಧ್ಯಾಹ್ನ ಉತ್ತರ ಬಂತು. ‘ಹಾಕಿ. ಪಕ್ಕದಲ್ಲಿ ಟೀ ಚಮಚದ ಚಿತ್ರವನ್ನೂ ಕೊಡಿ, ಓದು ಬಾರದ ತಾಯಂದಿರಿಗೂ ಗೊತ್ತಾಗಲಿ.’ ಚಿತ್ರ ಬರೆಯುವ ಕೆಲಸಕ್ಕೆ ಇನ್ನೊಂದು ಕಾಮೆಂಟ್ ತೆರೆದೆ, ಇನ್ನೊಂದು ಹೆಸರು ಹಾಕಿದೆ.