ಮೆಟಲ್ ಬೇಸ್‌ಗೆ ಅಬ್ಬರ ತರುವುದು ಹೇಗೆ?

ಮೆಟಲ್ ಸಂಗೀತದಲ್ಲಿ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಒತ್ತಿ, ಆ ಒರಟುತನ ಹೆಚ್ಚಿಸುವ ಗೇನ್ ನಾಬನ್ನು ಪೂರ್ತಿ ತಿರುಗಿಸಿದರೆ ಬೇಸ್ ಗಿಟಾರ್ ಅಬ್ಬರಿಸುತ್ತದೆ ಅಂತ ಅನೇಕರ ಲೆಕ್ಕಾಚಾರ. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಹಾಗೆ ಕೇಳಿಸುವುದೂ ನಿಜ. ಡ್ರಮ್ಸ್ ಮತ್ತು ಎರಡು ಗಿಟಾರ್ ಜೊತೆಯಾದ ಕೂಡಲೇ ಬೇಸ್ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತದೆ! ಗೇನ್ ಜಾಸ್ತಿಯಾದಷ್ಟೂ ಪ್ರತಿ ಸ್ವರದ ಮೊದಲ ಏಟು ಮಂಕಾಗುತ್ತದೆ, ಕೆಳಗಿನ ತೂಕ ಕಡಿಮೆಯಾಗುತ್ತದೆ. ಹಾಗಾಗಿ ಪೆಡಲ್ ಸದ್ಯಕ್ಕೆ ಬದಿಗಿರಲಿ.

ಮೊದಲು ತಂತಿ ನೋಡಿ. ಹೊಸ ಸ್ಟೀಲ್ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ) ತಂತಿ ಹಾಕಿ. ಹಳೆಯ ತಂತಿಯಲ್ಲಿ ಸತ್ತುಹೋದ ಹೊಳಪನ್ನು ಆಂಪ್‌ನ ಟ್ರೆಬಲ್ (ಮೇಲಿನ ಸದ್ದಿನ) ನಾಬ್ ಹುಟ್ಟಿಸಲಾರದು. ಶ್ರುತಿ ಇಳಿಸಿ ನುಡಿಸುವವರಿಗೆ ದಪ್ಪ ತಂತಿ ಬೇಕು. ಸಾಮಾನ್ಯ ಸೆಟ್‌ನ ಇ ತಂತಿ 0.105 ಇಂಚಿನದು. ಅದನ್ನೇ ಬಿ ತನಕ ಸಡಿಲಿಸಿದರೆ ಜೋತುಬೀಳುತ್ತದೆ. ಬಿ ಸ್ವರಕ್ಕೆ 0.130ರ ಆಸುಪಾಸಿನದು ಸರಿ. ತಂತಿಯ ಎತ್ತರವನ್ನೂ ಸ್ವಲ್ಪ ತಗ್ಗಿಸಿ. ಜೋರಾಗಿ ಹೊಡೆದಾಗ ತಂತಿ ಫ್ರೆಟ್‌ಗೆ ತಾಗಿ ಕಟಕಟ ಅನ್ನಬೇಕು. ಬೇರೆ ಸಂಗೀತದಲ್ಲಿ ಇದು ದೋಷ, ಇಲ್ಲಿ ಬೇಕಾಗಿರುವುದೇ ಅದು.

ಆಮೇಲೆ ಕೈ. ದಪ್ಪ ಪಿಕ್ ಹಿಡಿದು ಬ್ರಿಜ್ (ತಂತಿಯ ಕೆಳತುದಿ ಕೂರುವ ಜಾಗ) ಕಡೆಗೆ ಸರಿದು ಹೊಡೆದರೆ ಕೆಲಸ ಸುಲಭ. ಪಿಕ್ ಇರಲೇಬೇಕು ಅಂತೇನಿಲ್ಲ. ಐರನ್ ಮೇಡನ್ ಬ್ಯಾಂಡಿನ ಸ್ಟೀವ್ ಹ್ಯಾರಿಸ್ ನುಣುಪು ಮೈಯ ಫ್ಲಾಟ್‌ವೂಂಡ್ ತಂತಿಯ ಮೇಲೆ ಬರೀ ಬೆರಳಲ್ಲೇ ಆ ಕಟಕಟ ಹುಟ್ಟಿಸುತ್ತಾರೆ. ಅದು ಕೈಯ ಜೋರು.

ಈಗ ಆಂಪ್. ಮಿಡ್ (ನಡುವಿನ ಸದ್ದು) ಇಳಿಸಿ ಬೇಸ್ (ಕೆಳಗಿನ ಸದ್ದು), ಟ್ರೆಬಲ್ ಏರಿಸುವ ಚಾಳಿ ಬಿಡಿ. ಮೋಟರ್‌ಹೆಡ್ ಬ್ಯಾಂಡಿನ ಬೇಸ್ ವಾದಕ ಲೆಮ್ಮಿ ಮಾರ್ಷಲ್ ಆಂಪ್‌ನಲ್ಲಿ ಇದರ ಉಲ್ಟಾ ಮಾಡುತ್ತಿದ್ದರು: ಬೇಸ್, ಟ್ರೆಬಲ್ ಕೆಳಗೆ, ಮಿಡ್ ಮೇಲೆ. ಅಷ್ಟು ದೂರ ಹೋಗಬೇಕಿಲ್ಲ. 250 ಹರ್ಟ್ಜ್ ಸುತ್ತಮುತ್ತ ಸ್ವಲ್ಪ ತಗ್ಗಿಸಿ, ಕೆಸರು ತುಂಬುವುದು ಅಲ್ಲೇ. 800ರಿಂದ 1,500ರ ನಡುವೆ ಗುರುಗುಟ್ಟುವಿಕೆ ಸಿಗುತ್ತದೆ. 2,000–3,000ದಲ್ಲಿ ಪಿಕ್‌ನ ಏಟು ಇರುತ್ತದೆ.

ಇನ್ನು ಪೆಡಲ್. ಇಲ್ಲಿನ ಗುಟ್ಟು ಬೇಸ್‌ನ ಸದ್ದನ್ನು ಎರಡು ದಾರಿಗಳಾಗಿ ಒಡೆಯುವುದು. ಬೇಸ್‌ನ ಇ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ, ಗಿಟಾರಿನದು 82ರಲ್ಲಿ. ಕೆಳಗಿನ ಆ ಜಾಗ ಗಿಟಾರಿಗೆ ಸಿಗುವುದೇ ಇಲ್ಲ, ಅದನ್ನು ತುಂಬಬೇಕಾದವರು ನೀವು. ಡಿಸ್ಟಾರ್ಷನ್ ಅದನ್ನೇ ಹಾಳುಮಾಡಿದರೆ ಲಾಭವೇನು? ಆದ್ದರಿಂದ ಒಂದು ದಾರಿಯಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಮಾತ್ರ ಬಿಡಿ. ಅದಕ್ಕೆ ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಸಾಧನ) ಹಾಕಿ, 4:1 ಅನುಪಾತ ಸಾಕು. ಅಲ್ಲಿ ಡಿಸ್ಟಾರ್ಷನ್ ಸುಳಿಯಬಾರದು. ಇನ್ನೊಂದು ದಾರಿಯಲ್ಲಿ 400–500ಕ್ಕಿಂತ ಕೆಳಗಿನದನ್ನು ಕತ್ತರಿಸಿ, ಮಿಕ್ಕಿದ್ದಕ್ಕೆ ಬೇಕಾದಷ್ಟು ಡಿಸ್ಟಾರ್ಷನ್ ಕೊಡಿ. ಈ ದಾರಿಗೆ ಕ್ಯಾಬಿನೆಟ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಅನುಕರಣೆ) ಬೇಕೇ ಬೇಕು. ಅದು ಇಲ್ಲವಾದರೆ 5,000 ಹರ್ಟ್ಜ್‌ನ ಮೇಲಿನದನ್ನು ತೆಗೆಯಿರಿ, ಬಿಟ್ಟರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್‌ಗುಡುತ್ತದೆ. ಎರಡನ್ನೂ ಸೇರಿಸಿದಾಗ ತೂಕ ಕಡಿಮೆಯಾದರೆ ಒಂದರ ಫೇಸ್ (ಸದ್ದಿನ ಅಲೆಯ ಏರಿಳಿತದ ದಿಕ್ಕು) ತಿರುಗಿಸಿ ನೋಡಿ. ಯಾವುದರಲ್ಲಿ ಸದ್ದು ದಪ್ಪವೋ ಅದನ್ನೇ ಇಟ್ಟುಕೊಳ್ಳಿ.

ಇಷ್ಟೆಲ್ಲ ಸರಂಜಾಮು ಇಲ್ವಾ? ಸ್ವಚ್ಛ ಸದ್ದನ್ನೂ ಡಿಸ್ಟಾರ್ಷನ್ ಸದ್ದನ್ನೂ ಬೆರೆಸುವ ಬ್ಲೆಂಡ್ ನಾಬ್ ಇರುವ ಬೇಸ್ ಪೆಡಲ್ ತೆಗೆದುಕೊಳ್ಳಿ. ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್, ಡಾರ್ಕ್‌ಗ್ಲಾಸ್ ಬಿ7ಕೆ ಎರಡರಲ್ಲೂ ಅದಿದೆ. ಡ್ರೈವ್ (ಗೇನ್) ನಾಬ್ ಅರ್ಧದ ಹತ್ತಿರ ಇಟ್ಟು, ಸ್ವಚ್ಛ ಸದ್ದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಹೋಗಿ.

ತೀರ್ಪು ಮಾತ್ರ ಬ್ಯಾಂಡ್ ಜೊತೆ ನುಡಿಸುವಾಗಲೇ ಆಗಬೇಕು. ಒಂಟಿಯಾಗಿ ಕೇಳಿದರೆ ಒಳ್ಳೆಯ ಮೆಟಲ್ ಬೇಸ್ ಸ್ವಲ್ಪ ಒರಟಾಗಿ, ಅಸಹ್ಯವಾಗಿಯೇ ಇರುತ್ತದೆ. ಹೆದರಬೇಡಿ. ಹಾಡಿನ ಮಧ್ಯೆ ನೀವು ಸುಮ್ನೆ ನುಡಿಸುವುದನ್ನು ನಿಲ್ಲಿಸಿ. ಗಿಟಾರ್‌ಗಳು ತಟ್ಟನೆ ಬಡಕಲಾದರೆ ನಿಮ್ಮ ಟೋನ್ ಸರಿಯಾಗಿದೆ. ವೇದಿಕೆಯಲ್ಲಿ ವಾಲ್ಯೂಮ್ ಏರಿಸಿದಾಗ ಕಿವಿಗೆ ಕೆಳಗಿನ ಸದ್ದು ಮನೆಯಲ್ಲಿಗಿಂತ ಜಾಸ್ತಿ ಕೇಳಿಸುತ್ತದೆ. ಆಗ ಬೇಸ್ ನಾಬ್ ತುಸು ಇಳಿಸಿ, ಮಿಡ್ ಮುಟ್ಟಬೇಡಿ.