ಎಂಜಿನ್‌ಎಕ್ಸ್‌ನ ಐಪಿ ಪಟ್ಟಿಯನ್ನು ಸ್ಕ್ರಿಪ್ಟ್‌ನಿಂದ ಬದಲಿಸುವ ಬಗೆ

ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್‌ನಲ್ಲಿ ಅಡ್ಮಿನ್ ಪುಟಕ್ಕೆ ಯಾವ ಐಪಿಗಳಿಗೆ ಪ್ರವೇಶ ಎಂಬ ಪಟ್ಟಿ ಆಗಾಗ ಬದಲಾಗುತ್ತಿದ್ದರೆ, ಮುಖ್ಯ ಕಾನ್ಫಿಗ್ ಫೈಲನ್ನೇ ಸ್ಕ್ರಿಪ್ಟ್‌ನಿಂದ ತಿದ್ದಲು ಹೋಗಬೇಡಿ. ಪಟ್ಟಿಗೆಂದೇ ಬೇರೆ ಫೈಲ್ ಮಾಡಿ, ಅದರಲ್ಲಿ ಪ್ರವೇಶ ಕೊಡುವ ‘ಅಲೋ’ ಸಾಲುಗಳನ್ನು ಮಾತ್ರ ಇಡಿ. ಮುಖ್ಯ ಫೈಲಿನಲ್ಲಿ ಆ ಪುಟದ ನಿಯಮಗಳಿರುವ ಲೊಕೇಶನ್ ಬ್ಲಾಕ್‌ನಲ್ಲಿ ಮೊದಲು ಅದನ್ನು ‘ಇನ್‌ಕ್ಲೂಡ್’ ಮಾಡಿ, ಅದರ ಕೆಳಗೆ ಉಳಿದವರನ್ನೆಲ್ಲ ತಡೆಯುವ ‘ಡಿನೈ ಆಲ್’ ಬರೆಯಿರಿ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನೋಡಿ, ಮೊದಲು ಹೊಂದಿದ್ದನ್ನೇ ಎಂಜಿನ್‌ಎಕ್ಸ್ ಜಾರಿ ಮಾಡುತ್ತದೆ. ಕ್ರಮ ತಿರುಗುಮುರುಗಾದರೆ ಎಲ್ಲರಿಗೂ 403, ಅಂದರೆ ಪ್ರವೇಶ ನಿರಾಕರಣೆ. ‘ಡಿನೈ ಆಲ್’ ಸ್ಕ್ರಿಪ್ಟ್ ಮುಟ್ಟದ ಫೈಲಿನಲ್ಲಿರುವುದರಿಂದ ಪಟ್ಟಿ ಖಾಲಿಯಾದರೂ ಪುಟ ಬಯಲಾಗುವುದಿಲ್ಲ. ಇನ್‌ಕ್ಲೂಡ್‌ನಲ್ಲಿ ನಕ್ಷತ್ರ ಚಿಹ್ನೆ ಬಳಸದೆ ಫೈಲಿನ ಪೂರ್ತಿ ಹೆಸರು ಕೊಡಿ. ನಕ್ಷತ್ರವಿದ್ದರೆ, ಫೈಲ್ ಕಾಣೆಯಾದರೂ ಟೆಸ್ಟ್ ಸದ್ದಿಲ್ಲದೆ ಪಾಸಾಗುತ್ತದೆ.

ಸ್ಕ್ರಿಪ್ಟ್ ಶುರುವಿನಲ್ಲೇ ‘ಎಫ್‌ಲಾಕ್’ (ಒಮ್ಮೆಗೆ ಒಬ್ಬರೇ ಓಡಿಸಲು ಬಿಡುವ ಬೀಗ) ಹಾಕಿ, ಇಬ್ಬರು ಒಟ್ಟಿಗೆ ಓಡಿಸಿದರೆ ಪಟ್ಟಿ ಕಲಸಿಹೋಗಬಾರದು. ಬಂದ ಪ್ರತಿ ವಿಳಾಸವನ್ನೂ ಪೈಥಾನ್‌ನ ‘ಐಪಿಅಡ್ರೆಸ್’ ಮಾಡ್ಯೂಲ್‌ನಿಂದ ಪರೀಕ್ಷಿಸಿ. ಇದನ್ನು ಬಿಡಲೇಬೇಡಿ: 203.0.113.5/24 ಎಂದು ಬರೆದರೆ ಎಂಜಿನ್‌ಎಕ್ಸ್ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ, ಒಬ್ಬರಿಗೆಂದು ತೆರೆದದ್ದು 256 ವಿಳಾಸಗಳಿಗೆ ತೆರೆದಿರುತ್ತದೆ. ಅದೇ ವಿಳಾಸವನ್ನು ‘ಐಪಿ_ನೆಟ್‌ವರ್ಕ್’ಗೆ ಕೊಟ್ಟರೆ ಅದು ‘ವ್ಯಾಲ್ಯೂಎರರ್’ ಎಸೆದು ಅಲ್ಲೇ ನಿಲ್ಲಿಸುತ್ತದೆ.

ಹೊಸ ಪಟ್ಟಿಯನ್ನು ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಹಳೆಯದರ ಪ್ರತಿ ತೆಗೆದಿಡಿ, ಬಳಿಕ ‘ಎಂವಿ’ ಕಮಾಂಡಿನಿಂದ ಜಾಗಕ್ಕೆ ತನ್ನಿ. ಒಂದೇ ಫೈಲ್‌ಸಿಸ್ಟಂ ಒಳಗೆ ಈ ಬದಲಾವಣೆ ಒಂದೇ ಏಟಿಗೆ ಆಗುತ್ತದೆ, ಅರ್ಧ ಬರೆದ ಫೈಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಎಂಜಿನ್‌ಎಕ್ಸ್‌ನ ‘-ಟಿ’ ಪರೀಕ್ಷೆ, ಅಂದರೆ ಕಾನ್ಫಿಗ್ ಸರಿಯಿದೆಯೇ ಎಂಬ ತಪಾಸಣೆ. ಎಕ್ಸಿಟ್ ಕೋಡ್ 0 ಅಲ್ಲದಿದ್ದರೆ ಹಳೆಯ ಪ್ರತಿಯನ್ನು ವಾಪಸ್ ಹಾಕಿ ನಿಲ್ಲಿಸಿ. 0 ಆದರೆ ರೀಲೋಡ್. ರೀಸ್ಟಾರ್ಟ್ ಬೇಡ, ನಡೆಯುತ್ತಿರುವ ಕನೆಕ್ಷನ್‌ಗಳು ಕಡಿದುಹೋಗುತ್ತವೆ.

ನೀವೇ ಆ ಅಡ್ಮಿನ್ ಪುಟದಿಂದ ಕೆಲಸ ಮಾಡುವವರಾದರೆ, ರೀಲೋಡ್‌ಗೆ ಮುಂಚೆ ‘ಅಟ್’ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕಮಾಂಡ್) ಮೂಲಕ 10 ನಿಮಿಷದ ನಂತರ ಹಳೆಯ ಪಟ್ಟಿ ಮರಳುವಂತೆ ಮಾಡಿ. ಒಳಗೆ ಬರಲು ಆಗುತ್ತಿದೆ ಎಂದು ಖಚಿತವಾದ ಮೇಲೆ ಅದನ್ನು ರದ್ದು ಮಾಡಿ.

ಪಟ್ಟಿ ಸರಿಯಿದ್ದೂ 403 ಬಂದರೆ ಆಕ್ಸೆಸ್ ಲಾಗ್ ತೆರೆದು ಯಾವ ವಿಳಾಸ ಬಿದ್ದಿದೆ ನೋಡಿ. ಎಲ್ಲ ಸಾಲಿನಲ್ಲೂ ಸರ್ವರ್ ಮುಂದೆ ನಿಂತು ವಿನಂತಿಗಳನ್ನು ಹಂಚುವ ಪ್ರಾಕ್ಸಿಯ, ಅಂದರೆ ಲೋಡ್ ಬ್ಯಾಲೆನ್ಸರ್‌ನ ಐಪಿಯೇ ಇದ್ದರೆ, ಹೆಡರ್‌ನಿಂದ ಬಳಕೆದಾರರ ನಿಜವಾದ ಐಪಿ ಓದುವ ರಿಯಲ್‌ಐಪಿ ಮಾಡ್ಯೂಲ್ ಹೊಂದಿಸಬೇಕು. ಆಗಲೂ ನಿಮ್ಮ ಪ್ರಾಕ್ಸಿಯ ವಿಳಾಸವನ್ನಷ್ಟೇ ನಂಬಿ, ಇಲ್ಲವಾದರೆ ಹೆಡರ್‌ನಲ್ಲಿ ಸುಳ್ಳು ಐಪಿ ಬರೆದು ಯಾರು ಬೇಕಾದರೂ ನುಗ್ಗಬಹುದು. ಲಾಗ್‌ನಲ್ಲಿ ನಿಮ್ಮವರ ಐಪಿವಿ6 ವಿಳಾಸ ಕಂಡರೆ ಆ ರೇಂಜನ್ನೂ ಪಟ್ಟಿಗೆ ಸೇರಿಸಿ.

ಉಲ್ಟಾ ಸಮಸ್ಯೆಯೂ ಉಂಟು: ತಡೆಯಬೇಕಾದವರಿಗೂ ದಾರಿ ತೆರೆದಿರುವುದು. ಲೊಕೇಶನ್ ಒಳಗೆ ನೇರವಾಗಿ ಉತ್ತರ ಕಳಿಸುವ ‘ರಿಟರ್ನ್’ ಸಾಲು ಇದ್ದರೆ ಅದು ಐಪಿ ತಪಾಸಣೆಗಿಂತ ಮೊದಲೇ ಓಡುತ್ತದೆ, ‘ಡಿನೈ’ಗೆ ಸರದಿಯೇ ಬರುವುದಿಲ್ಲ. ಪಟ್ಟಿಯಿಂದ ತೆಗೆದವರ, ತೆರೆದೇ ಇರುವ ಕನೆಕ್ಷನ್ ಆದ ವೆಬ್‌ಸಾಕೆಟ್ ಕೂಡ ರೀಲೋಡ್ ಆದ ಮೇಲೆ ವಿನಂತಿಗಳನ್ನು ನಿಭಾಯಿಸುವ ಪ್ರಕ್ರಿಯೆಯಾದ ಹಳೆಯ ವರ್ಕರ್‌ನಲ್ಲಿ ಜೀವಂತವಾಗಿರುತ್ತದೆ; ‘ವರ್ಕರ್_ಶಟ್‌ಡೌನ್_ಟೈಮ್‌ಔಟ್’ಗೆ 30 ಸೆಕೆಂಡ್ ಕೊಟ್ಟಿದ್ದರೆ ಅಷ್ಟರೊಳಗೆ ಕಡಿಯುತ್ತದೆ.